ನಮ್ಮ ಸಂಸದರು ಯಾವ ಕಡೆ ಮತ ಹಾಕಿದರು?

ಗೆದ್ದ ಮೇಲೆ ಈ ಕಡೆ ತಲೆ ಹಾಕಿಲ್ಲ ಎಂಬುದು ಸಂಸದರ ಬಗ್ಗೆ ಮತದಾರರ ಮಾಮೂಲಿ ದೂರು. ಊರಿಗೆ ಬಂದರೇ, ಹೈಮಾಸ್ಟ್ ದೀಪ ಹಾಕಿಸಿದರೇ, ಬಸ್ ತಂಗುದಾಣ ಕಟ್ಟಿಸಿದರೇ ಎಂಬ ಲೆಕ್ಕದಲ್ಲೇ ಅವರನ್ನು ಅಳೆಯುತ್ತೇವೆ. ದೆಹಲಿಯಲ್ಲಿ ಆಗುವ ತೀರ್ಮಾನಗಳ ಮೇಲೆ ಸಿಟ್ಟು ಬಂದಾಗ ಅದು ನೇರವಾಗಿ ಪ್ರಧಾನಿಯ ಮೇಲೋ ವಿರೋಧ ಪಕ್ಷದ ನಾಯಕರ ಮೇಲೋ ಹೋಗಿ ಬೀಳುತ್ತದೆ. ನಾವೇ ಆರಿಸಿ ಕಳಿಸಿದ ವ್ಯಕ್ತಿ ಆ ತೀರ್ಮಾನಕ್ಕೆ ಒಪ್ಪಿದರೋ ಇಲ್ಲವೋ ಎಂದು ಕೇಳುವವರು ಕಡಿಮೆ. ಇದಕ್ಕೆ ಜನರ ಅಸಡ್ಡೆ ಕಾರಣ ಎಂದು ನಾನು ಒಪ್ಪುವುದಿಲ್ಲ. ಕೇಳಿದರೂ ಉತ್ತರ ಸಿಗದ ಹಾಗೆ ವ್ಯವಸ್ಥೆಯೇ ರೂಪುಗೊಂಡಿದೆ. ಬಹುಪಾಲು ಮಸೂದೆಗಳಿಗೆ ಯಾರು ಪರ, ಯಾರು ವಿರುದ್ಧ ಮತ ಹಾಕಿದರು ಎಂಬ ದಾಖಲೆಯೇ ಇರುವುದಿಲ್ಲ; ಇದ್ದರೂ ಆ ಮತ ಸಂಸದರ ಸ್ವಂತದ್ದಾಗಿರುವುದಿಲ್ಲ. ರಾಷ್ಟ್ರ ರಾಜಕಾರಣದ ಬಗ್ಗೆ ಸಾಮಾನ್ಯ ನಾಗರಿಕರಲ್ಲಿ ಮಡುಗಟ್ಟಿರುವ ಹತಾಶೆಗೆ ಪರಿಹಾರ ಬೇಕಿದ್ದರೆ ಮೊದಲು ಕೈಹಾಕಬೇಕಾದ್ದು ಈ ಎರಡು ಕೊರತೆಗಳಿಗೆ.

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ಸಭೆಯ ಮುಂದಿಡುತ್ತಾ ಡಾ. ಬಿ.ಆರ್. ಅಂಬೇಡ್ಕರ್ ಹೊಣೆಗಾರಿಕೆಯ ವಿಷಯವನ್ನು ಸ್ಪಷ್ಟವಾಗಿ ವಿವರಿಸಿದ್ದರು. ಅಮೆರಿಕದ ಅಧ್ಯಕ್ಷೀಯ ಪದ್ಧತಿ ಹೆಚ್ಚು ಸ್ಥಿರತೆ ಕೊಡುತ್ತದೆ, ಸಂಸದೀಯ ಪದ್ಧತಿ ಹೆಚ್ಚು ಹೊಣೆಗಾರಿಕೆ ಕೊಡುತ್ತದೆ, ಎರಡೂ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲ, ಕರಡು ಸಂವಿಧಾನ ಹೊಣೆಗಾರಿಕೆಗೆ ಹೆಚ್ಚು ಬೆಲೆ ಕೊಟ್ಟಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಸರ್ಕಾರವನ್ನು ಎರಡು ಬಗೆಯಲ್ಲಿ ಒರೆಗೆ ಹಚ್ಚಲಾಗುತ್ತದೆ ಎಂದೂ ಅವರು ಹೇಳಿದ್ದರು. ಚುನಾವಣೆ ಬಂದಾಗ ಮತದಾರ ಆ ಕೆಲಸ ಮಾಡುತ್ತಾನೆ. ಉಳಿದ ದಿನಗಳಲ್ಲಿ ಪ್ರಶ್ನೆ, ಗೊತ್ತುವಳಿ, ಚರ್ಚೆ, ಅವಿಶ್ವಾಸ ನಿರ್ಣಯಗಳ ಮೂಲಕ ಸಂಸದರು ಮಾಡುತ್ತಾರೆ. ಈ ದಿನನಿತ್ಯದ ಪರೀಕ್ಷೆ ಇಂದು ಬಹುಮಟ್ಟಿಗೆ ನಿಂತುಹೋಗಿದೆ. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರುತ್ತಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ಸೇರಿದ್ದು ಸರಾಸರಿ 55 ದಿನ. ಆ ಐದು ವರ್ಷಗಳಲ್ಲಿ ಸಂಸದೀಯ ಸಮಿತಿಗಳ ಪರಿಶೀಲನೆಗೆ ಹೋದ ಮಸೂದೆಗಳು ನೂರಕ್ಕೆ 16 ಮಾತ್ರ. ಆದಷ್ಟು ಬೇಗ ಉಪಸಭಾಧ್ಯಕ್ಷರನ್ನು ಆರಿಸಬೇಕೆಂದು ಸಂವಿಧಾನದ 93ನೇ ವಿಧಿ ಹೇಳಿದ್ದರೂ ಆ ಸದನ ತನ್ನ ಅವಧಿಯನ್ನು ಉಪಸಭಾಧ್ಯಕ್ಷರಿಲ್ಲದೆಯೇ ಮುಗಿಸಿತು.

ಈಗ ಮತದಾನದ ವಿಷಯಕ್ಕೆ ಬರುತ್ತೇನೆ. ಚರ್ಚೆ ಮುಗಿದ ಮೇಲೆ ಸಭಾಧ್ಯಕ್ಷರು ಪ್ರಸ್ತಾವವನ್ನು ಓದುತ್ತಾರೆ; ಪರ ಇರುವವರು ‘ಹೌದು’ ಎನ್ನುತ್ತಾರೆ, ವಿರುದ್ಧ ಇರುವವರು ‘ಇಲ್ಲ’ ಎನ್ನುತ್ತಾರೆ. ಯಾವ ದನಿ ಜೋರಾಗಿತ್ತು ಎಂದು ಸಭಾಧ್ಯಕ್ಷರ ಕಿವಿ ತೀರ್ಮಾನಿಸುತ್ತದೆ. ಇದೇ ಧ್ವನಿಮತ. ಇದನ್ನು ಒಪ್ಪದ ಸದಸ್ಯರು ಮತ ವಿಭಜನೆ ಕೇಳಬಹುದು. ಆಗ ಗಂಟೆ ಬಾರಿಸುತ್ತದೆ, ಮೊಗಸಾಲೆ ತೆರವಾಗುತ್ತದೆ, ಮೂರೂವರೆ ನಿಮಿಷದ ನಂತರ ಸದಸ್ಯರು ತಮ್ಮ ತಮ್ಮ ಆಸನದಲ್ಲಿ ಗುಂಡಿ ಒತ್ತುತ್ತಾರೆ. ಪರಕ್ಕೆ ಹಸಿರು, ವಿರುದ್ಧಕ್ಕೆ ಕೆಂಪು, ತಟಸ್ಥಕ್ಕೆ ಹಳದಿ. ಒಬ್ಬೊಬ್ಬರ ಮತವೂ ಹೆಸರಿನ ಮುಂದೆ ದಾಖಲಾಗುತ್ತದೆ. ಐದು ನಿಮಿಷವೂ ಬೇಡದ ಈ ಕ್ರಮವನ್ನು ಸಂವಿಧಾನ ತಿದ್ದುಪಡಿಗೆ ಬಿಟ್ಟರೆ ಬೇರೆ ಮಸೂದೆಗಳಿಗೆ ಕಡ್ಡಾಯ ಮಾಡಿಲ್ಲ. ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದ 2020ರ ಸೆಪ್ಟೆಂಬರ್ 20ರಂದು ವಿರೋಧ ಪಕ್ಷಗಳು ಮತ ವಿಭಜನೆಗೆ ಪಟ್ಟು ಹಿಡಿದವು, ಸದನದಲ್ಲಿ ಗದ್ದಲವೆದ್ದಿತು, ಮಸೂದೆಗಳು ಧ್ವನಿಮತದಲ್ಲೇ ಅಂಗೀಕಾರವಾದವು. ಒಂದು ವರ್ಷಕ್ಕೂ ಹೆಚ್ಚು ಕಾಲ ರೈತರು ದೆಹಲಿಯ ಗಡಿಗಳಲ್ಲಿ ಕುಳಿತರು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ರದ್ದುಪಡಿಸುವ ಮಸೂದೆ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಒಂದೇ ದಿನ ಪಾಸಾಯಿತು. ಬಂದಾಗಲೂ ಹೋದಾಗಲೂ ತನ್ನ ಪ್ರತಿನಿಧಿ ಏನು ಮಾಡಿದರು ಎಂದು ತಿಳಿಯಬಯಸುವ ಹಾವೇರಿಯ ಅಥವಾ ಮಂಡ್ಯದ ರೈತನಿಗೆ ನೋಡಲು ಯಾವ ಪಟ್ಟಿಯೂ ಇಲ್ಲ.

ಇದು ಒಂದು ಪಕ್ಷದ ತಪ್ಪು ಎಂದುಕೊಳ್ಳುವವರು 2018ರ ಬಜೆಟ್ ಅಧಿವೇಶನವನ್ನು ನೆನಪಿಸಿಕೊಳ್ಳಬೇಕು. ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ಮೂಲದ ದೇಣಿಗೆ ಪಡೆದು ಕಾಯ್ದೆ ಉಲ್ಲಂಘಿಸಿವೆ ಎಂದು ದೆಹಲಿ ಹೈಕೋರ್ಟ್ 2014ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತ್ತು. 2016ರ ಹಣಕಾಸು ಕಾಯ್ದೆ ವಿದೇಶಿ ಮೂಲ ಎಂಬುದರ ವ್ಯಾಖ್ಯೆಯನ್ನೇ ಪೂರ್ವಾನ್ವಯವಾಗಿ ಸಡಿಲಿಸಿತು. 2018ರ ಹಣಕಾಸು ಮಸೂದೆ ಆ ಸಡಿಲಿಕೆಯನ್ನು 1976ರ ಆಗಸ್ಟ್ 5ರವರೆಗೂ ಹಿಂದಕ್ಕೆ ಒಯ್ದಿತು. ನಾಲ್ಕು ದಶಕಗಳ ದೇಣಿಗೆಗಳು ಒಂದು ಸಾಲಿನ ತಿದ್ದುಪಡಿಯಿಂದ ಸಕ್ರಮವಾದವು. ಮಾರ್ಚ್ 14ರಂದು ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯಿಲ್ಲದೆ ಆ ಮಸೂದೆ ಪಾಸಾಯಿತು. ಚುನಾವಣಾ ಬಾಂಡ್‌ಗೆ ದಾರಿ ಮಾಡಿದ್ದೂ 2017ರ ಹಣಕಾಸು ಕಾಯ್ದೆಯೇ. ಆ ಬಾಂಡ್ ಯೋಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಹೇಳಬೇಕಾಯಿತು. ಎರಡು ದೊಡ್ಡ ಪಕ್ಷಗಳಿಗೂ ಅನುಕೂಲವಾಗುವ ಕಾನೂನಿಗೆ ಪ್ರಶ್ನೆ ಹಾಕುವ ಕೆಲಸ ಬಿಡಿಬಿಡಿ ಸಂಸದರಿಂದ ಮಾತ್ರ ಸಾಧ್ಯ. ಅಂಥ ಬಿಡಿ ಸಂಸದರೇ ಉಳಿಯದಂತೆ ಮಾಡಿದ್ದು ಪಕ್ಷಾಂತರ ನಿಷೇಧ ಕಾಯ್ದೆ.

ಆ ಕಾಯ್ದೆ ಹುಟ್ಟಿದ್ದಕ್ಕೆ ಕಾರಣವಿತ್ತು. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನಗಳಲ್ಲಿ ಮೂರು ಬಾರಿ ಪಕ್ಷ ಬದಲಿಸಿದರು. ‘ಆಯಾರಾಂ ಗಯಾರಾಂ’ ಎಂಬ ಮಾತು ಬಂದದ್ದೇ ಅಲ್ಲಿಂದ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿದರು. ಪಕ್ಷ ಬಿಟ್ಟವರು ಅನರ್ಹರಾಗುವುದು ಸರಿಯೇ. ಆದರೆ ಅದೇ ಅನುಸೂಚಿ, ಪಕ್ಷದ ಸಚೇತಕರು ಕೊಟ್ಟ ವಿಪ್ ಮೀರಿ ಯಾವುದೇ ವಿಷಯದಲ್ಲಿ ಮತ ಹಾಕಿದರೂ, ಮತ ಹಾಕದೆ ಹೊರಗುಳಿದರೂ ಸದಸ್ಯತ್ವ ಕಳೆಯಬಹುದು ಎಂದಿತು. ಸರ್ಕಾರ ಬೀಳಿಸುವ ಮತಕ್ಕೂ ಒಂದು ಸಾಧಾರಣ ಮಸೂದೆಯ ಮೇಲಿನ ಮತಕ್ಕೂ ಅದು ವ್ಯತ್ಯಾಸ ಮಾಡಲಿಲ್ಲ. ಹೀಗಾಗಿ ಲಕ್ಷಾಂತರ ಜನರ ಮತ ಪಡೆದು ಹೋದವರು ಕಾನೂನು ರೂಪಿಸುವಾಗ ಉತ್ತರ ಹೇಳಬೇಕಾದ್ದು ಆ ಜನರಿಗಲ್ಲ, ಟಿಕೆಟ್ ಕೊಟ್ಟ ವರಿಷ್ಠರಿಗೆ. ವಿಪ್ ಅಧಿಕಾರವನ್ನು ಸರ್ಕಾರದ ಅಳಿವು ಉಳಿವಿನ ಪ್ರಶ್ನೆಗೆ ಸೀಮಿತಗೊಳಿಸಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತು; 1999ರಲ್ಲಿ ಕಾನೂನು ಆಯೋಗದ 170ನೇ ವರದಿಯೂ ಅದೇ ದಿಕ್ಕಿನಲ್ಲಿ ಶಿಫಾರಸು ಮಾಡಿತು. ಅಂದಿನಿಂದ ಅಧಿಕಾರಕ್ಕೆ ಬಂದ ಯಾವ ಸರ್ಕಾರವೂ ಅದನ್ನು ಕೈಗೆತ್ತಿಕೊಂಡಿಲ್ಲ. ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು, ನಿಜ. ಆದರೆ ಖಾಸಗಿ ಸದಸ್ಯರ ಮಸೂದೆಯೊಂದು ನಮ್ಮಲ್ಲಿ ಕೊನೆಯ ಬಾರಿ ಕಾಯ್ದೆಯಾದದ್ದು 1970ರಲ್ಲಿ.

ವಿಪ್ ಸಡಿಲಿಸಿದರೆ ಕುದುರೆ ವ್ಯಾಪಾರ ಶುರುವಾಗುತ್ತದೆ, ಸರ್ಕಾರಗಳು ನಿಲ್ಲುವುದಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ವ್ಯಾಪಾರವನ್ನು ಈಗಿನ ಕಾಯ್ದೆ ತಡೆದಿದೆಯೇ ಎಂಬುದಕ್ಕೆ ಕರ್ನಾಟಕಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 2019ರಲ್ಲಿ 17 ಶಾಸಕರು ಅನರ್ಹರಾದರು, ಮೈತ್ರಿ ಸರ್ಕಾರ ಬಿತ್ತು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಸ್ಪೀಕರ್ ಆದೇಶವನ್ನು ಒಪ್ಪಲಿಲ್ಲ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಬಿಜೆಪಿಯಿಂದ ಗೆದ್ದು ಬಂದರು. 2020ರ ಫೆಬ್ರವರಿ 6ರಂದು ಹತ್ತು ಮಂದಿ ಮಂತ್ರಿಗಳಾದರು. ಸಗಟು ಪಕ್ಷಾಂತರಕ್ಕೆ ಕಾಯ್ದೆಯೊಳಗೇ ದಾರಿ ಸಿಕ್ಕಿತು. ಒಬ್ಬ ಸಂಸದ ಒಂದು ಮಸೂದೆಯನ್ನು ಪ್ರಾಮಾಣಿಕವಾಗಿ ವಿರೋಧಿಸುವುದಕ್ಕೆ ಮಾತ್ರ ದಾರಿಯಿಲ್ಲ. ನಾನು ಕೇಳುತ್ತಿರುವುದು ವಿಪ್‌ನ ಸಂಪೂರ್ಣ ರದ್ದತಿಯಲ್ಲ. ವಿಶ್ವಾಸಮತ, ಅವಿಶ್ವಾಸ ನಿರ್ಣಯ ಮತ್ತು ಬಜೆಟ್‌ಗೆ ಅದು ಇರಲಿ, ತೆರಿಗೆ ಮತ್ತು ಖರ್ಚಿಗೆ ಸಂಬಂಧಿಸದ ತಿದ್ದುಪಡಿಗಳನ್ನು ಬಜೆಟ್‌ನೊಳಗೆ ತೂರಿಸಬಾರದು ಎಂಬ ಷರತ್ತಿನೊಂದಿಗೆ. ಹೀಗೆ ಬೇರ್ಪಡಿಸಿದರೆ ಸರ್ಕಾರ ಬೀಳುವುದಿಲ್ಲ ಎಂಬುದನ್ನು ಬ್ರಿಟನ್ ತೋರಿಸಿದೆ. 2019ರ ಜನವರಿ 15ರಂದು ತೆರೇಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದವನ್ನು ಅವರದೇ ಪಕ್ಷದ 118 ಸಂಸದರು ವಿರೋಧಿಸಿದರು. 230 ಮತಗಳ ಅಂತರದಲ್ಲಿ ಅದು ಬಿದ್ದುಹೋಯಿತು. ಮರುದಿನವೇ ಅವಿಶ್ವಾಸ ನಿರ್ಣಯ ಬಂದಾಗ ಅದೇ ಸಂಸದರು ಸರ್ಕಾರದ ಜೊತೆ ನಿಂತರು, ಸರ್ಕಾರ ಉಳಿಯಿತು. ಬ್ರಿಟನ್‌ನಲ್ಲೂ ವಿಪ್ ಇದೆ, ಶಿಸ್ತು ಕ್ರಮ ಇದೆ, ಬಂಡೆದ್ದವರನ್ನು ಪಕ್ಷದಿಂದ ಹೊರಹಾಕುವುದೂ ಉಂಟು. ಆದರೆ ಪಕ್ಷದಿಂದ ಹೋದವರು ಸದನದಿಂದ ಹೋಗುವುದಿಲ್ಲ.

ಜನ ಮತ ಹಾಕುವುದು ಪಕ್ಷದ ಚಿಹ್ನೆಗೆ, ಪ್ರಧಾನಿಯ ಮುಖಕ್ಕೆ. ಹಾಗಿದ್ದ ಮೇಲೆ ಸಂಸದರು ಪಕ್ಷದ ಮಾತು ಕೇಳುವುದೇ ಸರಿಯಲ್ಲವೇ ಎಂದು ಕೇಳುವವರೂ ಇದ್ದಾರೆ. ಇದನ್ನು ನಾನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ, ಏಕೆಂದರೆ ಮತಗಟ್ಟೆಯ ವಾಸ್ತವ ಇದೇ. ಪ್ರಣಾಳಿಕೆಯಲ್ಲಿ ಹೇಳಿ ಗೆದ್ದದ್ದನ್ನು ಜಾರಿಗೆ ತರಲು ಪಕ್ಷ ತನ್ನ ಸದಸ್ಯರ ಬೆಂಬಲ ಕೇಳುವುದು ನ್ಯಾಯ. ಆದರೆ 1976ರಿಂದ ಪೂರ್ವಾನ್ವಯವಾಗುವ ದೇಣಿಗೆ ತಿದ್ದುಪಡಿಯನ್ನು ಯಾವ ಪ್ರಣಾಳಿಕೆ ಹೇಳಿತ್ತು? ಮತದಾರ ಮುಖ ನೋಡಿ ಮತ ಹಾಕುವುದಕ್ಕೆ ನೋಡಲು ಬೇರೇನೂ ಇಲ್ಲದಿರುವುದೂ ಒಂದು ಕಾರಣ. ದಾಖಲೆ ಇದ್ದಾಗ ಜನ ಅದನ್ನೂ ತೂಗುತ್ತಾರೆ. 2008ರ ಜುಲೈ 22ರಂದು ಅಣು ಒಪ್ಪಂದದ ಹಿನ್ನೆಲೆಯಲ್ಲಿ ವಿಶ್ವಾಸಮತ ನಡೆದಾಗ ಬೆಂಗಳೂರು ಉತ್ತರದ ಬಿಜೆಪಿ ಸಂಸದರಾಗಿದ್ದ ಎಚ್.ಟಿ. ಸಾಂಗ್ಲಿಯಾನ ವಿಪ್ ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿದರು, ಪಕ್ಷ ಅವರನ್ನು ಉಚ್ಚಾಟಿಸಿತು. ಮರುವರ್ಷ ಬೆಂಗಳೂರು ಕೇಂದ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಸೋತರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅವರ ನಡೆ ಎಲ್ಲರಿಗೂ ಗೊತ್ತಿತ್ತು, ಜನರ ಮುಂದೆ ಹೋದರು, ಜನ ತೀರ್ಮಾನ ಹೇಳಿದರು.

ಹೆಸರು ಸಮೇತ ಮತ ದಾಖಲಾದರೆ ಜಾತಿ, ಧರ್ಮ, ಗುಂಪುಗಳ ಒತ್ತಡಕ್ಕೆ ಸಂಸದರು ಸಿಲುಕುತ್ತಾರೆ ಎಂಬ ಅಳುಕನ್ನೂ ಕೇಳಿದ್ದೇನೆ. ಮತದಾರನ ಮತ ಗುಟ್ಟಾಗಿರಬೇಕು, ಏಕೆಂದರೆ ಅದು ಅವನದೇ. ಪ್ರತಿನಿಧಿ ಹಾಕುವ ಮತ ಕ್ಷೇತ್ರದ ಜನ ಒಪ್ಪಿಸಿ ಕಳಿಸಿದ್ದು, ಅದನ್ನು ಹೇಗೆ ಬಳಸಿದರು ಎಂದು ಅವರಿಗೆ ತಿಳಿಯಲೇಬೇಕು. ಒತ್ತಡ ಬರುತ್ತದೆ, ಬರಲಿ. ಇವತ್ತಿನ ಒತ್ತಡವೆಲ್ಲ ಒಂದೇ ಕಡೆಯಿಂದ, ವರಿಷ್ಠರ ಕಡೆಯಿಂದ ಬರುತ್ತಿದೆ.

ಸಂಸದರ ಕೈ ಹೀಗೆ ಕಟ್ಟಿಹಾಕಿದ್ದರ ನಷ್ಟ ಕರ್ನಾಟಕಕ್ಕೆ ಎಷ್ಟು ಎಂಬುದನ್ನು ರೂಪಾಯಿಯಲ್ಲೇ ಹೇಳಬಹುದು. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ನಮ್ಮದು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 2020–21ಕ್ಕೆ ಆಯೋಗವೇ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿ ವಿಶೇಷ ಅನುದಾನವನ್ನು ಕೇಂದ್ರ ಒಪ್ಪಲಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಕೊಡುವುದಾಗಿ 2023ರ ಕೇಂದ್ರ ಬಜೆಟ್ ಹೇಳಿತು. ಹಣ ಬಂದಿಲ್ಲ ಎಂದು ರಾಜ್ಯ ಸರ್ಕಾರ ದೂರುತ್ತಲೇ ಬಂದಿದೆ, ಚಿತ್ರದುರ್ಗದ ರೈತರು ಬೀದಿಗಿಳಿದಿದ್ದಾರೆ. 2019ರಲ್ಲಿ ಗೆದ್ದ 28 ಸಂಸದರಲ್ಲಿ 25 ಮಂದಿ ಆಡಳಿತ ಪಕ್ಷದವರು. ಇಷ್ಟು ದೊಡ್ಡ ಗುಂಪು ಒಂದು ಮಸೂದೆಗೆ ಇಲ್ಲ ಎನ್ನುವ ಸಾಧ್ಯತೆ ಇದ್ದಿದ್ದರೆ ಹಣಕಾಸು ಸಚಿವಾಲಯ ಅವರನ್ನು ಕರೆದು ಮಾತಾಡಲೇಬೇಕಿತ್ತು. ಅಂಥ ಸಾಧ್ಯತೆಯನ್ನು ಕಾನೂನೇ ಮುಚ್ಚಿರುವಾಗ ಎಷ್ಟು ಮಂದಿ ಗೆದ್ದರೂ ಸಂಖ್ಯೆಗೆ ಬಲ ಬರುವುದಿಲ್ಲ. ಚುನಾಯಿತರನ್ನು ವಾಪಸ್ ಕರೆಸುವ ಹಕ್ಕು ಬೇಕು ಎಂಬ ಬೇಡಿಕೆಯೂ ನನಗೆ ಈ ಕಾರಣಕ್ಕೇ ಅರೆಬರೆ ಎನಿಸುತ್ತದೆ. ಸ್ವಂತ ತೀರ್ಮಾನದ ಸ್ವಾತಂತ್ರ್ಯವೇ ಇಲ್ಲದವರನ್ನು ವಾಪಸ್ ಕರೆಸಿ ಅದೇ ಕಟ್ಟಿಗೆ ಒಳಪಡುವ ಇನ್ನೊಬ್ಬರನ್ನು ಕಳಿಸಿದರೆ ಏನು ಬದಲಾಗುತ್ತದೆ?

ಹತ್ತನೇ ಅನುಸೂಚಿ ಬದಲಿಸಲು ಸಂವಿಧಾನ ತಿದ್ದುಪಡಿ ಬೇಕು. ಅದು ನಾಳೆಯೇ ಆಗುವ ಕೆಲಸವಲ್ಲ. ಮತದ ದಾಖಲೆ ಹಾಗಲ್ಲ. ಪ್ರತಿ ಮಸೂದೆಯ ಅಂತಿಮ ಹಂತದಲ್ಲಿ ಗುಂಡಿ ಒತ್ತಿಯೇ ಮತ ಹಾಕಬೇಕು ಎಂದು ಲೋಕಸಭೆ ತನ್ನದೇ ಕಾರ್ಯವಿಧಾನ ನಿಯಮಗಳನ್ನು ತಿದ್ದಿಕೊಳ್ಳಬಹುದು. ಅಲ್ಲಿಯವರೆಗೂ ಮತ ವಿಭಜನೆ ಕೇಳುವ ಹಕ್ಕು ಸದಸ್ಯರಿಗೆ ಇದ್ದೇ ಇದೆ, ವಿರೋಧ ಪಕ್ಷಗಳು ಅದನ್ನು ಬಳಸುವುದು ಅಪರೂಪ. 2024ರಲ್ಲಿ ಕರ್ನಾಟಕ ಒಂಬತ್ತು ಕಾಂಗ್ರೆಸ್ ಸಂಸದರನ್ನೂ ಬಿಜೆಪಿ–ಜೆಡಿಎಸ್‌ನ 19 ಸಂಸದರನ್ನೂ ಆರಿಸಿತು. ಮಸೂದೆ ಬಂದಾಗಲೆಲ್ಲ ಒಂಬತ್ತು ಮಂದಿ ಎದ್ದು ನಿಂತು ಮತ ವಿಭಜನೆ ಕೇಳಲಿ, 19 ಮಂದಿ ಅದಕ್ಕೆ ಅಡ್ಡಿ ಮಾಡದಿರಲಿ. ಅಧಿವೇಶನ ಮುಗಿದ ವಾರದಲ್ಲಿ ಯಾವ ಮಸೂದೆಗೆ ತಾವು ಹೇಗೆ ಮತ ಹಾಕಿದೆವು ಎಂಬ ಪಟ್ಟಿಯನ್ನು 28 ಮಂದಿಯೂ ಕನ್ನಡದಲ್ಲಿ ತಮ್ಮ ಕಚೇರಿಯ ಬಾಗಿಲಿಗೆ ಅಂಟಿಸಲಿ. ಅದಕ್ಕೆ ಯಾವ ವರಿಷ್ಠರ ಅನುಮತಿಯೂ ಬೇಕಿಲ್ಲ.