ವಾಣಿಜ್ಯ ಪೈಲಟ್ ತರಬೇತಿಗೆ ಸಾಲದ ಖಾತರಿ ಹಾಗೂ ಸೀಟು ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಆಯುಕ್ತರು,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಬೆಂಗಳೂರು

ಮುಖಾಂತರ:
ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು ಜಿಲ್ಲೆ

ಇವರಿಂದ:
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರು

ವಿಷಯ: ಗ್ರಾಮೀಣ ವಿದ್ಯಾರ್ಥಿಗಳ ಪೈಲಟ್ ತರಬೇತಿಗೆ ಸರ್ಕಾರದ ಖಾತರಿಯ ಸಾಲ, ಜಕ್ಕೂರು ಶಾಲೆಯಲ್ಲಿ ಸೀಟು ಮತ್ತು ಸರಿಯಾದ ಮಾಹಿತಿ ಒದಗಿಸುವ ಬಗ್ಗೆ.

ಮಾನ್ಯರೇ,

ಪೈಲಟ್ ಆಗಲು ಏನು ಓದಬೇಕೆಂದು ನಮ್ಮ ಮಕ್ಕಳು ಕೇಳಿದರೆ ಕಾಲೇಜಿನ ಮೇಷ್ಟ್ರು ಉತ್ತರ ಹೇಳಬಲ್ಲರು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು, ಪರವಾನಗಿ ಪಡೆಯುವಾಗ 18 ತುಂಬಿರಬೇಕು, ಇಂಗ್ಲಿಷ್ ಬರಬೇಕು. ಈ ಮೂರೂ ನಮ್ಮ ಸರ್ಕಾರಿ ಪಿಯು ಕಾಲೇಜುಗಳ ಮಕ್ಕಳ ಕೈಗೆಟುಕುವಂಥವೇ. ದುಡ್ಡು ಎಷ್ಟು, ಕೊಡುವವರು ಯಾರು ಎಂದು ಕೇಳಿದಾಗ ಮಾತ್ರ ಯಾರ ಬಳಿಯೂ ಉತ್ತರವಿಲ್ಲ. ಅದಕ್ಕಾಗಿಯೇ ಈ ಮನವಿ.

ಖರ್ಚು ಒಂದೇ ಕಂತಿನಲ್ಲಿ ಬರುವುದಿಲ್ಲ. ಮೊದಲಿಗೆ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ, ಬಳಿಕ ಮೊದಲ ದರ್ಜೆಯದು. ಇವುಗಳಿಗೆ ತಗಲುವುದು ಸಾವಿರಗಳ ಲೆಕ್ಕ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ. ಆದ್ದರಿಂದ ವೈದ್ಯಕೀಯ ಮುಗಿಯುವ ಮೊದಲು ಯಾವ ಶಾಲೆಗೂ ಮುಂಗಡ ಕಟ್ಟಬಾರದು. ಇಷ್ಟು ಚಿಕ್ಕ ಮಾತನ್ನು ಪೋಷಕರಿಗೆ ಹೇಳುವವರಿಲ್ಲ. ಆಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಡೆಸುವ ಲಿಖಿತ ಪರೀಕ್ಷೆಗಳು: ನ್ಯಾವಿಗೇಷನ್, ಹವಾಮಾನ, ವಿಮಾನಯಾನ ನಿಯಮಗಳು, ತಾಂತ್ರಿಕ ವಿಷಯ. ಪ್ರತಿಯೊಂದರಲ್ಲೂ ನೂರಕ್ಕೆ 70 ಅಂಕ ಬರಬೇಕು. ಜೊತೆಗೆ ರೇಡಿಯೊ ಸಂಪರ್ಕದ ಪರವಾನಗಿ. ಗ್ರೌಂಡ್ ಕ್ಲಾಸಿನ ಶುಲ್ಕ, ಬೆಂಗಳೂರಿನ ಪಿಜಿ ಬಾಡಿಗೆ ಸೇರಿದರೂ ಇಲ್ಲಿಯವರೆಗಿನದು ಒಬ್ಬ ರೈತ ಹೇಗೋ ಹೊಂದಿಸಬಹುದಾದ ಮೊತ್ತ.

ಹೊಂದಿಸಲಾಗದ್ದು ಹಾರಾಟ. ಪರವಾನಗಿಗೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ಹಾರಾಟದ ಪೂರ್ಣ ಹೊಣೆ ವಿದ್ಯಾರ್ಥಿಯದೇ ಆಗಿರಬೇಕು. ಒಂದು ಎಂಜಿನ್ನಿನ ಚಿಕ್ಕ ವಿಮಾನಕ್ಕೆ ಗಂಟೆಗೆ 15,000 ರೂಪಾಯಿ ಎಂದು ಹಿಡಿದರೂ 30 ಲಕ್ಷವಾಯಿತು. ಎರಡು ಎಂಜಿನ್ನಿನ ವಿಮಾನದ ಗಂಟೆಗಳು ಇನ್ನೂ ದುಬಾರಿ. ವಸತಿ, ಪರೀಕ್ಷಾ ಶುಲ್ಕ ಎಲ್ಲ ಸೇರಿ 50 ಲಕ್ಷ ದಾಟುವುದು ಸಾಮಾನ್ಯ. ಪರವಾನಗಿ ಬಂದ ಮೇಲೂ ಏರ್‌ಬಸ್ 320ರಂಥ ದೊಡ್ಡ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆಗೆ, ಅಂದರೆ ಟೈಪ್ ರೇಟಿಂಗ್‌ಗೆ, ಮತ್ತೆ 15 ಲಕ್ಷಕ್ಕೆ ಕಡಿಮೆಯಿಲ್ಲ. ವಿಮಾನ ಸಂಸ್ಥೆಗಳೇ ನಡೆಸುವ ಕೆಡೆಟ್ ಕಾರ್ಯಕ್ರಮಗಳ ವೆಚ್ಚವಂತೂ ಕೋಟಿ ಮೀರುತ್ತದೆ.

ಇಲಾಖೆಯ ಗಮನ ಮುಖ್ಯವಾಗಿ ಬೇಕಾಗಿರುವುದು ಇನ್ನೊಂದು ನಿಯಮದ ಕಡೆಗೆ. ಈ 200 ಗಂಟೆಗಳ ಹಾರಾಟ ಅರ್ಜಿಯ ಹಿಂದಿನ ಐದು ವರ್ಷಗಳೊಳಗಿನದಾಗಿರಬೇಕು. ಹಣ ನಿಂತು ತರಬೇತಿ ಅರ್ಧಕ್ಕೆ ನಿಂತರೆ ಮೊದಲು ಹಾರಿದ ಗಂಟೆಗಳು ಒಂದೊಂದಾಗಿ ಲೆಕ್ಕದಿಂದ ಜಾರುತ್ತವೆ. ಎಂಜಿನಿಯರಿಂಗ್ ಓದುವ ಹುಡುಗ ಒಂದು ವರ್ಷ ಬಿಟ್ಟು ಮತ್ತೆ ಸೇರಿದರೆ ಪಾಸಾದ ವಿಷಯ ಪಾಸಾಗಿಯೇ ಇರುತ್ತದೆ. ಇಲ್ಲಿ ಹಾಗಲ್ಲ, ಸಾಲದ ಎರಡನೇ ಕಂತು ತಡವಾದರೆ ಮೊದಲನೇ ಕಂತೂ ಮುಳುಗಬಹುದು.

ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ ಡಿಜಿಸಿಎ ಮಾನ್ಯತೆಯ ಪೈಲಟ್ ತರಬೇತಿ ಇದೆ. ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಆದರೆ 7.5 ಲಕ್ಷ ಮೀರಿದ ಸಾಲಕ್ಕೆ ಆಸ್ತಿ ಅಡಮಾನ ಕೇಳುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಬಳಿ, ಕೆ.ಆರ್. ನಗರದ ಭತ್ತದ ರೈತರ ಬಳಿ ಇರುವ ಆಸ್ತಿ ಎಂದರೆ ಹೊಲ, ಗದ್ದೆ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದ ಕಾರಣ ಇಂಥ ಸಾಲಕ್ಕೆ ಬ್ಯಾಂಕುಗಳು ಅದನ್ನು ಒಪ್ಪಲು ಹಿಂಜರಿಯುತ್ತವೆ; ಪಟ್ಟಣದ ಸೈಟೋ ಮನೆಯೋ ಬೇಕು ಎನ್ನುತ್ತವೆ. ರೈತನನ್ನು ಕಾಪಾಡಲು ಇಟ್ಟ ವಿನಾಯಿತಿ ಅವನ ಮಗಳ ಓದಿಗೆ ಅಡ್ಡ ಬರುತ್ತಿದೆ. ಎಚ್.ಡಿ. ಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿರುವ ಜೇನುಕುರುಬರ ಸ್ಥಿತಿ ಇನ್ನೂ ಬಿಗಿ: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಭೂಮಿ ಮಕ್ಕಳಿಗೆ ಬರುತ್ತದೆಯೇ ಹೊರತು ಪರಭಾರೆ ಮಾಡುವಂತಿಲ್ಲ. ಕಾಯ್ದೆಗಳು ಸರಿಯಾಗಿಯೇ ಇವೆ, ಅವನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಅಡಮಾನದ ಜಾಗದಲ್ಲಿ ಸರ್ಕಾರ ನಿಲ್ಲಲಿ ಎನ್ನುತ್ತಿದ್ದೇವೆ.

ವಿದ್ಯಾರ್ಥಿವೇತನ ಇದೆಯಲ್ಲ ಎಂಬ ಉತ್ತರ ಬರಬಹುದು. ಪರಿಶಿಷ್ಟ ವಿದ್ಯಾರ್ಥಿಗಳಿಗಾಗಿ ಕೇಂದ್ರ ರೂಪಿಸಿದ ಉನ್ನತ ದರ್ಜೆ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಖಾಸಗಿ ಹಾರಾಟ ಶಾಲೆಗೆ ಇಟ್ಟಿದ್ದ ಮಿತಿ ವರ್ಷಕ್ಕೆ 3.72 ಲಕ್ಷ ರೂಪಾಯಿ. ಮೇಲಿನ ದರದಲ್ಲಿ ಅದು 25 ಗಂಟೆಗಳ ಹಾರಾಟಕ್ಕೂ ಸಾಲದು. ನಮ್ಮ ಹುಣಸೂರಿನವರೇ ಆದ ದೇವರಾಜ ಅರಸು ಅವರ ಹೆಸರಿನ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಸಾಲವೂ ಸಿಇಟಿ ಮೂಲಕ ಸೇರುವ ಕೋರ್ಸ್‌ಗಳ ಅಳತೆಗೆ ಹೊಲಿದದ್ದು.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ವೈದ್ಯಕೀಯದಲ್ಲಿಯೂ ಡಿಜಿಸಿಎ ಲಿಖಿತ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ, ಆದಾಯ ಮಿತಿಯೊಳಗಿನ ಗ್ರಾಮೀಣ ವಿದ್ಯಾರ್ಥಿಯ ಸಾಲಕ್ಕೆ ರಾಜ್ಯ ಸರ್ಕಾರವೇ ಖಾತರಿ ನೀಡಬೇಕು. ಪರೀಕ್ಷೆ ಗೆದ್ದವರಿಗೆ ಮಾತ್ರ ಕೇಳುತ್ತಿರುವುದರಿಂದ ಸರ್ಕಾರಕ್ಕೆ ನಷ್ಟದ ಭಯ ಕಡಿಮೆ. ಟೈಪ್ ರೇಟಿಂಗ್ ವೆಚ್ಚವೂ ಇದರೊಳಗೆ ಸೇರಬೇಕು. ಅದಿಲ್ಲದೆ ಕೆಲಸ ಸಿಗುವುದು ಕಷ್ಟ, ಕೆಲಸ ಸಿಗದೆ ಸಾಲ ತೀರುವುದಿಲ್ಲ. ಈಗ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಮರುಪಾವತಿ ಶುರುವಾಗುತ್ತದೆ. ಪೈಲಟ್ ಹುದ್ದೆಯ ಮಟ್ಟಿಗೆ ಈ ಅವಧಿಯನ್ನು ಹೆಚ್ಚಿಸುವಂತೆ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಮುಂದೆ ವಿಷಯ ಇಡಬೇಕು.

ಎರಡನೆಯದು ಜಕ್ಕೂರು. ಮೈಸೂರು ಮಹಾರಾಜರ ಕಾಲದ ಜಾಗದಲ್ಲಿ 1949ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ತಮ್ಮ ಇಲಾಖೆಯದ್ದೇ. ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ತಮ್ಮ ಹೆಲಿಕಾಪ್ಟರ್ ಕಂಪನಿ ಕಟ್ಟಿದ್ದೂ ಅದೇ ಜಕ್ಕೂರಿನಲ್ಲಿ. ಖಾಸಗಿ ಶಾಲೆಗಿಂತ ಕಡಿಮೆ ಶುಲ್ಕದಲ್ಲಿ ಕಲಿಸಬಲ್ಲ ಈ ಶಾಲೆಗೆ ಸಾಕಷ್ಟು ವಿಮಾನ, ಬೋಧಕರನ್ನು ಒದಗಿಸಿ, ಗ್ರಾಮೀಣ ಸರ್ಕಾರಿ ಕಾಲೇಜಿನವರಿಗೆ ಪ್ರತ್ಯೇಕ ಸೀಟು ಇಡಬೇಕು. ಆ ಸೀಟುಗಳಲ್ಲಿ ಹೆಣ್ಣುಮಕ್ಕಳಿಗೂ ಹಾಡಿಯ ಮಕ್ಕಳಿಗೂ ಪಾಲಿರಬೇಕು.

ಮೂರನೆಯದು ಸರಿಯಾದ ಮಾಹಿತಿ. ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಡಿಜಿಸಿಎ 2025ರಿಂದ ಹಾರಾಟ ಶಾಲೆಗಳಿಗೆ ಶ್ರೇಣಿ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ಶ್ರೇಣಿಗಳಿಗೆ ಒಂದು ಶಾಲೆಯೂ ಬರಲಿಲ್ಲ. ಈ ಪಟ್ಟಿ, ಖರ್ಚಿನ ಅಂದಾಜು ಮತ್ತು ವೈದ್ಯಕೀಯದ ವಿವರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ನಾಲ್ಕೂ ತಾಲ್ಲೂಕುಗಳ ಪ್ರತಿ ಪಿಯು ಕಾಲೇಜಿನ ಸೂಚನಾ ಫಲಕದಲ್ಲಿ ಅಂಟಿಸಬೇಕು. ವರ್ಷಕ್ಕೊಮ್ಮೆ ಹುಣಸೂರಿನಲ್ಲಿ ಮಾಹಿತಿ ಶಿಬಿರ ನಡೆಸಿ, ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆಗೆ ಮಾನ್ಯತೆ ಪಡೆದ ವೈದ್ಯರನ್ನು ಅಲ್ಲಿಗೆ ಕರೆಸಿದರೆ ಎಷ್ಟೋ ಮನೆಗಳ ಮುಂಗಡ ಹಣ ಉಳಿಯುತ್ತದೆ.

ಜಕ್ಕೂರು ಶಾಲೆಯ ಮುಂದಿನ ಪ್ರವೇಶ ಪ್ರಕಟಣೆ ಹೊರಡುವ ಮೊದಲು ಲೀಡ್ ಬ್ಯಾಂಕ್, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಅಧಿಕಾರಿಗಳೊಡನೆ ಮೈಸೂರಿನಲ್ಲಿ ಒಂದು ಸಭೆ ಕರೆದು, ನಮ್ಮ ಪ್ರತಿನಿಧಿಗಳ ಮಾತು ಕೇಳಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಮತ್ತು ಪೋಷಕರು

ಸ್ಥಳ: ಹುಣಸೂರು
ಅಡಕ: ಸಹಿಗಳ ಪಟ್ಟಿ