ನೀರು ಕುಡಿದು ಕುಣಿಯುವವರು

ಏಲೂರಿಗೆ ಬಂದ ಎರಡನೇ ವಾರ ಪಕ್ಕದ ಮನೆಯ ಚೇಚಿಯನ್ನು ಕೇಳಿದೆ, ಇಲ್ಲಿ ಹತ್ತಿರದಲ್ಲಿ ಎಲ್ಲಾದರೂ ಲ್ಯಾಟಿನ್ ಡಾನ್ಸ್ ನಡೆಯುತ್ತದೆಯೇ ಅಂತ. ನನ್ನ ಅರೆಬರೆ ಮಲಯಾಳದಲ್ಲಿ 'ಡಾನ್ಸ್' ಅನ್ನುವುದು ಎಲ್ಲೋ ಜಾರಿಬಿತ್ತು. ಚೇಚಿಯ ಮುಖ ಅರಳಿತು. "ಲತ್ತೀನೋ? ಹೊಳೆ ದಾಟಿದರೆ ವರಾಪುಳ. ಭಾನುವಾರ ನಾನೇ ಕರಕೊಂಡು ಹೋಗ್ತೀನಿ" ಎಂದರು.

ಇಲ್ಲಿ 'ಲತ್ತೀನ್' ಅಂದರೆ ಲ್ಯಾಟಿನ್ ಕ್ಯಾಥೊಲಿಕರು. ವರಾಪುಳದ ಹೆಸರಿನ ಆರ್ಚ್‌ಡಯಸೀಸ್ ಲ್ಯಾಟಿನ್ ಕ್ರಮದ್ದು. ನಾನು ಕೇಳಿದ್ದು ಸಾಲ್ಸಾ ಕುಣಿಯುವ ನೆಲ, ಸಿಕ್ಕಿದ್ದು ಪ್ರಾರ್ಥನೆಗೆ ಆಹ್ವಾನ. ಭಾಷಾವಿಜ್ಞಾನ ಓದಿದವಳಿಗೆ ಒಂದೇ ಪದ ಹೀಗೆ ಎರಡು ಬಾಗಿಲು ತೆರೆಯುವುದು ಖುಷಿಯ ವಿಷಯವೇ. ಆದರೆ ಶನಿವಾರ ಸಂಜೆ ಕಾಲು ತುರಿಸುವವಳಿಗೆ ಅದರಿಂದ ಏನೂ ಗಿಟ್ಟುವುದಿಲ್ಲ.

ಏಲೂರು ಪೆರಿಯಾರಿನ ಎರಡು ಕವಲುಗಳ ನಡುವಿನ ದ್ವೀಪ, ಕೊಚ್ಚಿಯ ಕಾರ್ಖಾನೆಗಳ ಪಟ್ಟಿ. ಫ್ಯಾಕ್ಟ್ ಎಂಬ ಗೊಬ್ಬರದ ಕಾರ್ಖಾನೆ 1947ರಲ್ಲಿ ಇಲ್ಲಿ ಉತ್ಪಾದನೆ ಶುರುಮಾಡಿತು, ಉಳಿದವು ಅದರ ಸುತ್ತ ಬಂದವು. ಬೆಂಗಳೂರಿನ ಗೆಳೆಯರಿಗೆ ಏಲೂರು ಅಂದರೆ ಗೊತ್ತಾಗುವುದಿಲ್ಲ, 'ಮಂಜುಮ್ಮೆಲ್ ಬಾಯ್ಸ್' ಸಿನಿಮಾದ ಮಂಜುಮ್ಮೆಲ್ ಇದೇ ಮುನ್ಸಿಪಾಲಿಟಿಯಲ್ಲಿದೆ ಅಂದರೆ "ಓ!" ಅನ್ನುತ್ತಾರೆ. ನನ್ನ ಗಂಡನಿಗೆ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಪಾಳಿಯ ಕೆಲಸ. ನನ್ನ ಅನುವಾದದ ಕೆಲಸಕ್ಕೆ ಊರಿನ ಹಂಗಿಲ್ಲ, ಲ್ಯಾಪ್‌ಟಾಪು ಇಟ್ಟಲ್ಲೇ ಆಫೀಸು. ಬೆಂಗಳೂರಿನಿಂದ ನಾನು ನಿಜವಾಗಿ ಬಿಟ್ಟು ಬಂದದ್ದು ಬುಧವಾರದ ರಾತ್ರಿಗಳನ್ನು ಮಾತ್ರ.

ಆ ಬುಧವಾರಗಳ ಬಗ್ಗೆ ಸ್ವಲ್ಪ ಹೇಳಬೇಕು. ಸಾಲ್ಸಾ ಅಂದರೆ ಮಿಣುಕು ಬಟ್ಟೆ, ಟಿವಿ ಸ್ಪರ್ಧೆ, ಹುಡುಗಿಯನ್ನು ಎತ್ತಿ ತಿರುಗಿಸುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಷೋ. ನಾನು ಹೇಳುತ್ತಿರುವುದು ಕುಣಿಯುವವರು 'ಸೋಷಿಯಲ್' ಎಂದು ಕರೆಯುವುದನ್ನು. ಒಂದು ನೆಲ, ಒಬ್ಬ ಡಿಜೆ, ಐವತ್ತು-ಅರವತ್ತು ಜನ. ಯಾರು ಬೇಕಾದರೂ ಯಾರನ್ನಾದರೂ ಕರೆಯಬಹುದು. ಒಂದು ಹಾಡು, ನಾಲ್ಕೈದು ನಿಮಿಷ, ಥ್ಯಾಂಕ್ಸ್, ಮುಂದಿನವರು. ಒಂದು-ಎರಡು-ಮೂರು, ಐದು-ಆರು-ಏಳು, ನಾಲ್ಕು ಮತ್ತು ಎಂಟರಲ್ಲಿ ಕಾಲಿಗೆ ರಜೆ. ಆದಿತಾಳದಷ್ಟೇ ಎಂಟು ಎಣಿಕೆ, ಆದರೆ ತೂಕ ಬೀಳುವ ಜಾಗ ಬೇರೆ. ಬ್ಯಾಂಕಿನ ಮ್ಯಾನೇಜರು, ದಂತವೈದ್ಯೆ, ಕಾಲ್‌ಸೆಂಟರಿನ ಹುಡುಗ, ಐವತ್ತೈದು ದಾಟಿದ ವಿಧವೆಯೊಬ್ಬರು, ಎಲ್ಲರೊಡನೆ ನಾನು ಕುಣಿದಿದ್ದೇನೆ. ಅವರಲ್ಲಿ ಅರ್ಧ ಜನರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಅಪರಿಚಿತರನ್ನು ಇಷ್ಟು ಹತ್ತಿರದಿಂದ, ಇಷ್ಟು ನಿರಾಳವಾಗಿ ಭೇಟಿಯಾಗುವ ಇನ್ನೊಂದು ಜಾಗ ನಮ್ಮ ಊರುಗಳಲ್ಲಿ ನನಗೆ ಕಂಡಿಲ್ಲ.

ಹಾಗಾಗಿ ಹೊಸ ಊರಿಗೆ ಹೋದ ಕೂಡಲೇ ಹುಡುಕುತ್ತೇನೆ. ಕೊಚ್ಚಿಗೆ ಮೊದಲು ಅನುವಾದದ ಕಾರ್ಯಾಗಾರಗಳ ನೆಪದಲ್ಲಿ ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಹುಡುಕಿದ್ದೇನೆ. ಕಲಿತ ಪಾಠ ಇದು: ಕ್ಲಬ್ಬು ಹುಡುಕಬೇಡಿ, ಮೇಷ್ಟರನ್ನು ಹುಡುಕಿ. ಕ್ಲಬ್ಬಿನ ಪೋಸ್ಟರಿನಲ್ಲಿ 'ಲ್ಯಾಟಿನ್ ನೈಟ್' ಅಂತಿದ್ದರೆ ಎರಡು ಸಾಲ್ಸಾ ಹಾಡಿನ ನಂತರ ಪಂಜಾಬಿ ಶುರುವಾಗುತ್ತದೆ. ಕಲಿಸುವವರನ್ನು ಕೇಳಿ: ತರಗತಿ ಮುಗಿದ ಮೇಲೆ ಜನ ಮನೆಗೆ ಹೋಗುತ್ತಾರೋ, ನಿಂತು ಕುಣಿಯುತ್ತಾರೋ? ನಿಂತರೆ, ಹಳಬರು ಹೊಸಬರನ್ನು ಕರೆಯುತ್ತಾರೋ, ತಮ್ಮತಮ್ಮಲ್ಲೇ ಕುಣಿದುಕೊಳ್ಳುತ್ತಾರೋ? ನನಗೆ ಒಳ್ಳೆಯ ಊರಿನ ಲಕ್ಷಣ ಈ ಎರಡನೆಯದು. ಎಂಥ ದೊಡ್ಡ ಡಾನ್ಸರುಗಳಿದ್ದರೂ ಹೊಸಬಳು ಮೂರು ಗಂಟೆ ಗೋಡೆಗೆ ಒರಗಿ ನಿಂತರೆ ಆ ಊರು ಫೇಲು. ನೆಲವನ್ನೂ ನೋಡಿ. ಮರದ ನೆಲವಾದರೆ ಪುಣ್ಯ; ಒರಟು ಟೈಲ್ಸ್ ಆದರೆ ಪಾದ ತಿರುಗದೆ ಮಂಡಿ ತಿರುಗುತ್ತದೆ. ಈ ಮಾತಿಗೆ ನನ್ನ ಎಡ ಮಂಡಿ ಸಾಕ್ಷಿ.

ಕೊಚ್ಚಿಯಲ್ಲಿ ಕಲಿಸುವವರು ಸಿಕ್ಕರು. ಕಾಕ್ಕನಾಡಿನ ಇನ್ಫೊಪಾರ್ಕಿನ ಸುತ್ತ, ಪನಂಪಿಳ್ಳಿ ನಗರದ ಕಡೆ ತರಗತಿಗಳಿವೆ. ಚೆನ್ನಾಗಿ ಕುಣಿಯುವವರೂ ಇದ್ದಾರೆ. ಸಿಗದೇ ಇದ್ದದ್ದು ಸೋಷಿಯಲ್. ಒಂದು ಹೋಟೆಲಿನಲ್ಲಿ ಶುರುವಾಗಿ ಮೂರು ತಿಂಗಳಿಗೆ ನಿಂತಿತ್ತು, ಇನ್ನೊಂದರಲ್ಲಿ ನಾಲ್ಕು ತಿಂಗಳಿಗೆ. ಯಾಕೆ ಅಂತ ಕೇಳಿದರೆ ಕಲಿಸುವ ಹುಡುಗ ನಕ್ಕ: "ನಾವು ನೀರು ಕುಡೀತೀವಲ್ಲ ಚೇಚಿ."

ಇದು ಕೊಚ್ಚಿಯ ಸಮಸ್ಯೆಯಲ್ಲ, ಈ ಕುಣಿತದ ಹುಟ್ಟುರೋಗ. ಮೂರು ಗಂಟೆ ಕುಣಿಯಬೇಕಾದವನು ಎರಡು ಪೆಗ್ ಹಾಕಿದರೆ ತಿರುಗುವಾಗ ಬೀಳುತ್ತಾನೆ. ಆದ್ದರಿಂದ ಸಾಲ್ಸಾದವರು ನೀರು ಕುಡಿಯುತ್ತಾರೆ, ಹೆಚ್ಚೆಂದರೆ ಒಂದು ನಿಂಬೆ ಸೋಡ. ಬಾರಿನ ಮಾಲೀಕ ಟೇಬಲುಗಳನ್ನು ಸರಿಸಿ ಜಾಗ ಮಾಡಿಕೊಟ್ಟಿದ್ದಾನೆ, ಎಸಿ ಹಾಕಿದ್ದಾನೆ. ರಾತ್ರಿಯ ಕೊನೆಗೆ ಲೆಕ್ಕ ಹಾಕಿದರೆ ನೀರಿನ ಬಾಟಲಿಗಳು. ಅದಕ್ಕೇ ಲ್ಯಾಟಿನ್ ರಾತ್ರಿಗಳು ಮಂಗಳವಾರಕ್ಕೋ ಬುಧವಾರಕ್ಕೋ ಬೀಳುವುದು, ವ್ಯಾಪಾರವಿಲ್ಲದ ದಿನಕ್ಕೆ. ನ್ಯೂಯಾರ್ಕಿನ ಬ್ರಾಡ್‌ವೇಯ ಪಲೇಡಿಯಂ ಬಾಲ್‌ರೂಮನ್ನೇ ತೆಗೆದುಕೊಳ್ಳಿ. ಟೀಟೊ ಪುವೆಂತೆ, ಮಚೀಟೊ ನುಡಿಸುತ್ತಿದ್ದ ಜಾಗ. ಪೋರ್ಟೊರಿಕೊದವರು, ಯಹೂದಿಗಳು, ಇಟಾಲಿಯನ್ನರು, ಕಪ್ಪುಜನ ಒಂದೇ ನೆಲದ ಮೇಲೆ ಮಾಂಬೊ ಕುಣಿಯುತ್ತಿದ್ದರು, ಆ ದೇಶದಲ್ಲಿ ಬೇರೆಬೇರೆ ಕೂರಿಸುವ ಕಾನೂನುಗಳು ಇನ್ನೂ ಇದ್ದ ಕಾಲದಲ್ಲಿ. 1961ರ ಒಂದು ಪೊಲೀಸ್ ದಾಳಿಯ ನಂತರ ಅದರ ಮದ್ಯದ ಲೈಸೆನ್ಸ್ ಹೋಯಿತು. 1966ರಲ್ಲಿ ಬಾಗಿಲು ಮುಚ್ಚಿತು. ಸಂಗೀತ ಇತ್ತು, ಜನ ಇದ್ದರು, ಬಾಟಲಿ ಹೋದ ಮೇಲೆ ಕಟ್ಟಡ ನಿಲ್ಲಲಿಲ್ಲ.

ನಮ್ಮಲ್ಲಂತೂ ಸರ್ಕಾರಕ್ಕೆ ರಾತ್ರಿಯ ಕುಣಿತ ಕಾಣುವುದೇ ಬಾಟಲಿಯ ಮೂಲಕ. ಬೆಂಗಳೂರಿನಲ್ಲಿ 2005ರ ಪರವಾನಗಿ ಆದೇಶವನ್ನು ಹಿಡಿದು 2008ರಲ್ಲಿ ಪೊಲೀಸರು ಪಬ್ಬುಗಳಲ್ಲಿ ಕುಣಿಯುವುದನ್ನೇ ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ಗುರಿ ಡಾನ್ಸ್‌ಬಾರುಗಳಾಗಿದ್ದವು, ಏಟು ಬಿದ್ದದ್ದು ಎಲ್ಲರಿಗೂ. ಕೇರಳದಲ್ಲಿ 2014ರಲ್ಲಿ ಪಂಚತಾರಾ ಹೋಟೆಲು ಬಿಟ್ಟು ಉಳಿದ ಬಾರುಗಳನ್ನು ಮುಚ್ಚಿಸಿದರು, 2017ರಲ್ಲಿ ಮೂರು ತಾರೆಯವರೆಗೂ ತೆರೆಯಲು ಬಿಟ್ಟರು. ಎರಡೂ ಸಲ ಪತ್ರಿಕೆಗಳ ತುಂಬ ಅಬಕಾರಿ ವರಮಾನ, ಕುಡಿತದ ಚಟ, ಪ್ರವಾಸೋದ್ಯಮ. ಕುಡಿಯದೆ ಕುಣಿಯಲು ಬಯಸುವವರು ಎಲ್ಲಿ ಹೋಗಬೇಕು ಎಂಬ ಪ್ರಶ್ನೆ ಪರವಾಗಿಯೂ ಬರಲಿಲ್ಲ, ವಿರೋಧವಾಗಿಯೂ ಬರಲಿಲ್ಲ.

ಬಾಟಲಿಗೆ ಕಟ್ಟಿಹಾಕಿದ ಕುಣಿತದ ಬಾಗಿಲಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ರಾತ್ರಿ ಇದೆ. ಎರ್ನಾಕುಳಂನ ಒಂದು ಹೋಟೆಲಿನಲ್ಲಿ ಸಾಲ್ಸಾ ಎಂದು ತಿಳಿದು ಹೋದೆ. ಗಂಡನಿಗೆ ರಾತ್ರಿ ಪಾಳಿ. ಹಗಲು ಪಾಳಿ ಇದ್ದಿದ್ದರೂ ಅವನು ಬರುತ್ತಿರಲಿಲ್ಲ, ಅವನಿಗೆ ಕುಣಿತ ಅಂದರೆ ಗಣಪತಿ ಬಿಡುವ ದಿನದ್ದು ಮಾತ್ರ. ಬಾಗಿಲಲ್ಲಿ ನಿಂತವನು ಕೇಳಿದ, "ಯಾರ ಜೊತೆ ಬಂದಿದ್ದೀರಿ, ಮೇಡಂ?" ಯಾರ ಜೊತೆಗೂ ಅಲ್ಲ. ಹಾಗಾದರೆ ನನಗೆ ಪ್ರವೇಶ ಉಚಿತವಂತೆ. ನನ್ನ ಹಿಂದೆ ನಿಂತಿದ್ದ, ತರಗತಿಯಲ್ಲಿ ನನ್ನ ಜೊತೆಗೇ ಕಲಿಯುತ್ತಿದ್ದ ಇಬ್ಬರು ಹುಡುಗರಿಗೆ ಪ್ರವೇಶವೇ ಇಲ್ಲ, ಒಂಟಿ ಗಂಡಸರು. ಒಳಗೆ ಹೋದೆ. ಉಚಿತ ಪ್ರವೇಶದ ಹೆಂಗಸರು ಯಾಕೆ ಬಂದಿದ್ದಾರೆ ಎಂದು ತಾವೇ ತೀರ್ಮಾನಿಸಿಕೊಂಡವರು ಅಲ್ಲಿ ನಾಲ್ಕು ಜನ ಇದ್ದರು. ಒಬ್ಬನಿಗೆ ಬೇಡ ಎಂದೆ. ಎರಡನೇ ಸಲವೂ ಬೇಡ ಎಂದೆ. ಮೂರನೇ ಸಲ ಚೀಲ ತೆಗೆದುಕೊಂಡು ಹೊರಟೆ. ಕೊನೆಯ ಮೆಟ್ರೊ ಹತ್ತೂವರೆಯ ಸುಮಾರಿಗೆ. ಕಳಮಶ್ಶೇರಿಯಲ್ಲಿ ಇಳಿದು ಆಟೊದಲ್ಲಿ ಕಾರ್ಖಾನೆಗಳ ದೀಪ, ಅಮೋನಿಯಾ ವಾಸನೆ ದಾಟಿ ಮನೆಗೆ ಬಂದೆ. 2024ರಿಂದ ಏಲೂರಿಗೆ ವಾಟರ್ ಮೆಟ್ರೊ ಬೋಟೂ ಬರುತ್ತದೆ, ಚೆಂದದ್ದು, ಆದರೆ ಅದು ಕುಣಿಯುವವರ ಹೊತ್ತಿನದಲ್ಲ.

ಈ 'ಬೇಡ'ದ ಬಗ್ಗೆ ಒಂದು ಮಾತು. 1950ರ ದಶಕದಲ್ಲಿ ಹವಾನದಲ್ಲಿ 'ರುಎದ ದೆ ಕಸೀನೊ' ಅನ್ನುವ ಗುಂಪುನೃತ್ಯ ಬೆಳೆಯಿತು. ಜೋಡಿಗಳು ವೃತ್ತದಲ್ಲಿ ನಿಲ್ಲುತ್ತವೆ, ಒಬ್ಬರು ಹೆಜ್ಜೆಯ ಹೆಸರು ಕೂಗುತ್ತಾರೆ, ಎಲ್ಲರೂ ಒಟ್ಟಿಗೆ ಅದನ್ನು ಮಾಡಿ ಜೋಡಿ ಬದಲಿಸುತ್ತಾರೆ. ಕೋಲಾಟ ಆಡಿದವರಿಗೆ ಹತ್ತು ನಿಮಿಷದಲ್ಲಿ ಬರುತ್ತದೆ. ಅದರ ಅತಿ ಮೂಲಭೂತ ಹೆಜ್ಜೆಯ ಹೆಸರು 'ದೀಲೆ ಕೆ ನೊ'. ಅಂದರೆ 'ಬೇಡ ಅಂತ ಹೇಳು'. ಸ್ಪ್ಯಾನಿಷ್‌ನ ಆ 'ಲೆ' ಅವನಿಗೂ ಆಗುತ್ತದೆ ಅವಳಿಗೂ ಆಗುತ್ತದೆ. ಕನ್ನಡದಲ್ಲಿ ಸರ್ವನಾಮವನ್ನೇ ಬಿಟ್ಟರೆ ಇನ್ನೂ ಚೊಕ್ಕ. ಒಳ್ಳೆಯ ಸೋಷಿಯಲ್‌ನಲ್ಲಿ ಒಂದು ರಾತ್ರಿಗೆ ನಾನು ಐದಾರು ಸಲ ಬೇಡ ಅನ್ನುತ್ತೇನೆ, ಕಾಲು ನೋವು, ಬಾಯಾರಿಕೆ, ಅಥವಾ ಸುಮ್ಮನೆ. ಕೇಳಿದವರು ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ, ಮುಂದಿನ ವಾರ ಮತ್ತೆ ಕೇಳುತ್ತಾರೆ. ಅಲ್ಲಿಗೆ ಬಂದವರೆಲ್ಲ ಕುಣಿಯಲಿಕ್ಕೇ ಬಂದವರು ಎಂಬ ನಂಬಿಕೆ ಇರುವಲ್ಲಿ ಮಾತ್ರ 'ಬೇಡ' ಇಷ್ಟು ಹಗುರಾಗಿರುತ್ತದೆ.

ಚೇಚಿಯ ಲತ್ತೀನಿಗೆ ವಾಪಸು ಬರುತ್ತೇನೆ. ಒಂದು ಭಾನುವಾರ ಅವರ ಜೊತೆ ಹೋದೆ. ಪ್ರಾರ್ಥನೆಯ ನಂತರ ಅವರ ನೆಂಟರೊಬ್ಬರು ಚವಿಟ್ಟುನಾಟಕದ ಸುದ್ದಿ ತೆಗೆದರು. ಪೋರ್ಚುಗೀಸರ ಕಾಲದಲ್ಲಿ ಇಲ್ಲಿನ ಲ್ಯಾಟಿನ್ ಕ್ರೈಸ್ತರಲ್ಲಿ ಬೆಳೆದ ಆಟ ಅದು. ಯುರೋಪಿನ ರಾಜರ ವೇಷ, ತಮಿಳು ಬೆರೆತ ಭಾಷೆ, ಮರದ ಹಲಗೆಯ ಮೇಲೆ ದಢದಢ ತುಳಿತ. ಅವರ ಹೆಸರಾಂತ ಪ್ರಸಂಗ 'ಕಾರಲ್‌ಮಾನ್ ಚರಿತಂ', ಷಾರ್ಲಮೇನ್ ಚಕ್ರವರ್ತಿಯ ಕಥೆ. ಫ್ರಾಂಕರ ದೊರೆ ಗೋತುರುತ್ತಿನ ಮೀನುಗಾರರ ಕಾಲಲ್ಲಿ ತಮಿಳು ಮಾತಾಡುತ್ತಾನೆ! ಅವತ್ತು ನಾನು ಹುಡುಕುತ್ತಿದ್ದ ಲ್ಯಾಟಿನ್ ಕುಣಿತ ಮರೆತೇ ಹೋಯಿತು. ಇದೇ ಕರಾವಳಿಯ ವೈಪಿನ್‌ನಲ್ಲಿ ಕೊಚ್ಚಿಯ ಪೋರ್ಚುಗೀಸ್ ಕ್ರಿಯೋಲ್ ಆಡುತ್ತಿದ್ದ ಕೊನೆಯವರು, ವಿಲಿಯಂ ರೊಸಾರಿಯೊ, 2010ರಲ್ಲಿ ತೀರಿಕೊಂಡರು. ನಾವು ದಿನವೂ ಅನ್ನುವ ಮೇಜು, ಚಾವಿ, ಪಾದ್ರಿ, ಬಟಾಟೆ ಎಲ್ಲ ಆ ಹಡಗಿನಲ್ಲಿ ಇಳಿದವೇ. ಸಾಲ್ಸಾ ನಮ್ಮ ಸಂಸ್ಕೃತಿಯಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಈ ಬಟಾಟೆ ನೆನಪಾಗುತ್ತದೆ. ಒಂದು ತಲೆಮಾರು ತಿಂದರೆ ಪಲ್ಯ ನಮ್ಮದೇ.

ಮತ್ತೆ, ರಾತ್ರಿಯೆಲ್ಲ ಎಚ್ಚರವಿರುವುದು ನಮಗೆ ಹೊಸದೇ? ಕರಾವಳಿಯ ಬಯಲಾಟ ಬೆಳಗಿನವರೆಗೆ ನಡೆಯುತ್ತಿತ್ತು. ಈಗ ಧ್ವನಿವರ್ಧಕದ ನಿಯಮ, ಜನರ ಪುರುಸೊತ್ತು ಎಲ್ಲ ಸೇರಿ ಕಾಲಮಿತಿಯಾಗಿದೆ. ಗದ್ದೆಯ ಬದುವಿನಲ್ಲಿ ಚುರುಮುರಿ, ಚಹಾ, ಮಕ್ಕಳು ಮಲಗಿದ ಚಾಪೆ. ಅದನ್ನು ಯಾರೂ ನೈಟ್‌ಲೈಫ್ ಅನ್ನಲಿಲ್ಲ. ಏಲೂರಿನಲ್ಲೇ ಇದರ ಒಂದು ಅಚ್ಚರಿ ಇದೆ. 1960ರ ದಶಕದಲ್ಲಿ ಎಂ.ಕೆ.ಕೆ. ನಾಯರ್ ಫ್ಯಾಕ್ಟಿನ ಮುಖ್ಯಸ್ಥರಾಗಿದ್ದಾಗ ಆ ಗೊಬ್ಬರದ ಕಾರ್ಖಾನೆ ಒಂದು ಕಥಕಳಿ ಶಾಲೆ ನಡೆಸಿತು. ಇವತ್ತಿಗೂ ಕೆಲವು ಕಥಕಳಿ ಕಲಾವಿದರ ಹೆಸರಿನ ಮುಂದೆ, ಬೇರೆಯವರಿಗೆ 'ಕಲಾಮಂಡಲಂ' ಇರುವಂತೆ, 'ಫ್ಯಾಕ್ಟ್' ಅಂತಿರುತ್ತದೆ. ಅಮೋನಿಯಂ ಸಲ್ಫೇಟಿನ ಲಾಭದಲ್ಲಿ ಒಂದು ಪಾಲು ಕುಣಿತಕ್ಕೆ ಹೋಗಬಹುದು ಎಂದು ಆಗ ಒಬ್ಬ ಅಧಿಕಾರಿಗೆ ಅನ್ನಿಸಿತ್ತು.

ಒಂದು ವ್ಯತ್ಯಾಸವನ್ನು ಮರೆಮಾಚುವುದು ಸರಿಯಲ್ಲ. ಕಥಕಳಿ, ಯಕ್ಷಗಾನಗಳಲ್ಲಿ ಕೆಲವರು ಕುಣಿಯುತ್ತಾರೆ, ಉಳಿದವರು ನೋಡುತ್ತಾರೆ. ನಮ್ಮ ಊರುಗಳು ನೋಡುವವರಿಗೆ ಕುರ್ಚಿ ಹಾಕುವುದನ್ನು ಚೆನ್ನಾಗಿ ಕಲಿತಿವೆ. ಗುಮಾಸ್ತನೂ ನರ್ಸೂ ತಾವೇ, ಕೆಟ್ಟದಾಗಿಯಾದರೂ, ಕುಣಿಯಬೇಕು ಅಂದಾಗ ಮದುವೆ ಮನೆ, ಗಣಪತಿ ಮೆರವಣಿಗೆ, ಬಾರು ಬಿಟ್ಟು ನಾಲ್ಕನೆಯ ಜಾಗ ಇಲ್ಲ. ಆ ನಾಲ್ಕನೆಯ ಜಾಗ ಬೇಕು ಅನ್ನುವುದೇ ನನ್ನ ವಾದ. ಅದನ್ನು ಅಬಕಾರಿ ಇಲಾಖೆಯ ಕಡತದಿಂದ ಬಿಡಿಸಿ ಗ್ರಂಥಾಲಯ, ಬ್ಯಾಡ್ಮಿಂಟನ್ ಕೋರ್ಟುಗಳ ಸಾಲಿಗೆ ಸೇರಿಸಬೇಕು. ಬ್ಯೂನಸ್ ಐರಿಸ್‌ನಲ್ಲಿ ಬೆಲ್‌ಗ್ರಾನೊ ಪಾರ್ಕಿನ ಮಂಟಪದಲ್ಲಿ ಜನ ಸಂಜೆ ಬಂದು ಬಿಟ್ಟಿಯಾಗಿ ಟ್ಯಾಂಗೊ ಆಡುತ್ತಾರೆ. ಕೊಲಂಬಿಯಾದ ಕಾಲಿ ಎಂಬ ಸಾಲ್ಸಾ ಹುಚ್ಚಿನ ನಗರದಲ್ಲಿ 'ವಿಯೆಹೊತೆಕ'ಗಳಿವೆ, ಮುದುಕರಿಗೆಂದೇ ಶುರುವಾದ ಮಧ್ಯಾಹ್ನದ ಕುಣಿತದ ಮನೆಗಳು. ತಿರುವನಂತಪುರ 2023ರಲ್ಲಿ ಮಾನವೀಯಂ ಬೀದಿಯನ್ನು ರಾತ್ರಿಗೆ ತೆರೆದಾಗ ನಾನು ರೈಲು ಹತ್ತಿ ನೋಡಲು ಹೋಗಿದ್ದೆ: ಹಾಡು, ಗಿಟಾರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಕೆಲವೇ ದಿನಗಳಲ್ಲಿ ಹೊಡೆದಾಟಗಳಾದವು, ಪೊಲೀಸು, ನಿರ್ಬಂಧದ ಮಾತು ಬಂತು. ಅದನ್ನೇ ಹಿಡಿದು, ನೋಡಿ ನಮ್ಮವರಿಗೆ ಇದೆಲ್ಲ ಆಗದು ಅನ್ನುವವರಿಗೆ ನನ್ನ ಸಹಮತವಿಲ್ಲ. ಕ್ರಿಕೆಟ್ ಮೈದಾನದಲ್ಲೂ ಹೊಡೆದಾಟ ಆಗುತ್ತದೆ, ಯಾರೂ ಮೈದಾನ ಉಳುವುದಿಲ್ಲ.

ಈಗ ನಾವು ಏಳು ಜನ ಇದ್ದೇವೆ. ಬಾಗಿಲಲ್ಲಿ ತಡೆಯಲ್ಪಟ್ಟ ಆ ಇಬ್ಬರು ಹುಡುಗರು, ಒಬ್ಬ ನರ್ಸು, ಒಬ್ಬ ಗಣಿತದ ಮೇಷ್ಟ್ರು ಮತ್ತು ಅವರ ಹೆಂಡತಿ, ಕಾರ್ಖಾನೆಯ ಒಬ್ಬ ಕೆಮಿಸ್ಟು, ನಾನು. ಇಲ್ಲಿನ ಒಂದು ಸಂಘದ ಹಾಲು ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ರೆಡ್ ಆಕ್ಸೈಡ್ ನೆಲ, ಸವೆದು ನುಣುಪಾಗಿದೆ, ತಿರುಗಲು ಮರಕ್ಕಿಂತ ಏನೂ ಕಮ್ಮಿಯಿಲ್ಲ. ನಾಲ್ಕರಿಂದ ಏಳು, ಮದ್ಯವಿಲ್ಲ, ಬಾಡಿಗೆ ಕೊಡುತ್ತೇವೆ ಎಂದು ಅರ್ಜಿ ಬರೆದೆವು. ಮಲಯಾಳಕ್ಕೆ ತಿದ್ದಿಕೊಟ್ಟವರು ಚೇಚಿ. ಕಾರ್ಯದರ್ಶಿಯವರು ಒಳ್ಳೆಯ ಮನುಷ್ಯರು, ಚಹಾ ಕೊಟ್ಟು ಓದಿದರು. ನಂತರ ಎರಡು ಪ್ರಶ್ನೆ ಬರೆದು ಕಳಿಸಿದ್ದಾರೆ: ಗಂಡಸರು ಎಷ್ಟು, ಹೆಂಗಸರು ಎಷ್ಟು? ಅವರವರ ಮನೆಯವರ ಒಪ್ಪಿಗೆ ಇದೆಯೇ?

ಮೊದಲನೆಯದಕ್ಕೆ ನಾಲ್ಕು, ಮೂರು ಎಂದು ಬರೆದಿದ್ದೇನೆ. ಎರಡನೆಯದರ ಮುಂದಿನ ಜಾಗ ಇನ್ನೂ ಖಾಲಿ ಇದೆ. "ನಾನು ಬರೆದುಕೊಡಲಾ?" ಎಂದು ಗಂಡ ನಗುತ್ತಾ ಕೇಳಿದ. ನಾನು ಬೇಡ ಅಂದೆ. ಬುಧವಾರದೊಳಗೆ ಉತ್ತರ ಕೊಡಬೇಕು.