ಕೂಡಿ ಕಟ್ಟುವುದೂ ವಿದ್ಯೆಯೇ

ದಡದಲ್ಲಿ ಕುಳಿತು ಈಜು ಕಲಿತವರಿಲ್ಲ. ಆದರೂ ಯಂತ್ರಶಾಸ್ತ್ರವನ್ನು ಕೇವಲ ಓದಿ ಕಲಿಯಬಹುದೆಂಬ ನಂಬಿಕೆ ನಮ್ಮ ವಿದ್ಯಾಲಯಗಳನ್ನು ಇನ್ನೂ ಬಿಟ್ಟಿಲ್ಲ. ಹಲವರು ಕೂಡಿ ಒಂದು ಸಾಧನವನ್ನು ಕಟ್ಟುವಾಗ ದೊರೆಯುವ ಶಿಕ್ಷಣಕ್ಕೆ ಸಮನಾದುದು ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.

ಒಂದು ನಿದರ್ಶನವನ್ನು ನೋಡೋಣ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟು ಶ್ರೀಹರಿಕೋಟೆಯಿಂದ 'ಸ್ಟುಡ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹವನ್ನು ಕಕ್ಷೆಗೆ ಒಯ್ದಿತು. ಒಂದು ಕಿಲೋಗ್ರಾಮಿಗಿಂತಲೂ ಹಗುರವಾದ ಅದನ್ನು ನಿರ್ಮಿಸಿದವರು ಕರ್ನಾಟಕ ಮತ್ತು ಅಂದಿನ ಆಂಧ್ರಪ್ರದೇಶದ ಏಳು ಇಂಜನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು.

ಇಂತಹ ಪೆಟ್ಟಿಗೆಯಲ್ಲಿ ಎದುರಾಗುವ ಸಮಸ್ಯೆಯಾದರೂ ಎಂತಹುದು? ಭೂಮಿಯ ಸಮೀಪದ ಬಾಹ್ಯಾಕಾಶದಲ್ಲಿ ಒಂದು ಚದರ ಮೀಟರಿಗೆ ದೊರೆಯುವ ಬಿಸಿಲಿನ ಶಕ್ತಿ ಸುಮಾರು 1,360 ವಾಟ್. 10 ಸೆಂಟಿಮೀಟರ್ ಉದ್ದಗಲದ ಮುಖದ ಮೇಲೆ ನೇರವಾಗಿ ಬೀಳುವುದು 13.6 ವಾಟ್ ಮಾತ್ರ. ಸೌರಕೋಶಗಳು ಅದರ ಕಾಲುಭಾಗವನ್ನು ವಿದ್ಯುತ್ತಾಗಿ ಮಾರ್ಪಡಿಸಿದರೆ ಕೈಗೆ ಬರುವುದು 3.4 ವಾಟ್. ಭೂಮಿಯ ನೆರಳನ್ನು ಹೊಕ್ಕಾಗ ಅದೂ ಇಲ್ಲ. ಕ್ಯಾಮರಾ, ರೇಡಿಯೊ, ಗಣಕ ಎಲ್ಲವೂ ಇದನ್ನೇ ಹಂಚಿಕೊಳ್ಳಬೇಕು. ಕ್ಯಾಮರಾದವನು ಹೆಚ್ಚು ಕೇಳಿದರೆ ರೇಡಿಯೊದವಳಿಗೆ ಕಡಮೆ. ಹೀಗಾಗಿ ಪ್ರತಿಯೊಬ್ಬರೂ ಇನ್ನೊಬ್ಬರ ಶಾಸ್ತ್ರವನ್ನು ಅರಿಯಲೇಬೇಕಾಗುತ್ತದೆ. ಈ ಅನಿವಾರ್ಯತೆಯೇ ನಿಜವಾದ ಗುರು.

ಎಲ್ಲರೂ ಉಪಗ್ರಹವನ್ನೇ ಕಟ್ಟಬೇಕೆಂದಿಲ್ಲ. ಬಿದ್ದ ಮಳೆಯನ್ನು ತಾನೇ ಎಣಿಸಿ ದಾಖಲಿಸುವ ಮಳೆಮಾಪಕವೊಂದನ್ನು ಪ್ರೌಢಶಾಲೆಯ ನಾಲ್ವರು ಸೇರಿ ಮಾಡಬಹುದು. ಆಲಿಕೆ ಒಬ್ಬರದು, ವಿದ್ಯುನ್ಮಂಡಲ ಒಬ್ಬರದು, ಗಣಕದ ಕ್ರಮವಿಧಿ ಒಬ್ಬರದು, ಸಾಮಾನ್ಯ ಮಾಪಕದೊಡನೆ ಹೋಲಿಸಿ ಪರೀಕ್ಷಿಸುವ ಹೊಣೆ ಇನ್ನೊಬ್ಬರದು.

ಗುಂಪಿನಲ್ಲಿ ಯಾರು ಎಷ್ಟು ದುಡಿದರೆಂದು ತಿಳಿಯುವುದು ಹೇಗೆ ಎಂದು ಅಧ್ಯಾಪಕರು ಕೇಳುವುದುಂಟು. ಹಣ ತೆತ್ತು ಕೊಂಡ ಸಿದ್ಧ ಪ್ರಾಜೆಕ್ಟುಗಳನ್ನು ತಮ್ಮವೆಂದು ಒಪ್ಪಿಸುವ ವಿದ್ಯಾರ್ಥಿಗಳೂ ಇರುವಾಗ ಈ ಶಂಕೆ ನ್ಯಾಯವಾದುದೇ. ಅದಕ್ಕೆ ನಮ್ಮ ಸಲಹೆ ಸರಳವಾದುದು: ಪ್ರತಿಯೊಬ್ಬನೂ ತಾನು ಮಾಡಿದ ಭಾಗವನ್ನಲ್ಲ, ಜೊತೆಗಾರನು ಮಾಡಿದ ಭಾಗವನ್ನು ಪರೀಕ್ಷಕರಿಗೆ ವಿವರಿಸಲಿ, ಅದು ಕೆಟ್ಟುದು ಯಾವಾಗ, ಸರಿಹೋದುದು ಹೇಗೆ ಎಂಬುದನ್ನೂ ಹೇಳಲಿ. ಕೊಂಡು ತಂದ ಯಂತ್ರ ಈ ಪ್ರಶ್ನೆಯ ಮುಂದೆ ನಿಲ್ಲಲಾರದು. ಕೂಡಿ ದುಡಿದವರಿಗೆ ಇದರ ಉತ್ತರಕ್ಕಾಗಿ ಪುಸ್ತಕವನ್ನು ತೆರೆಯುವ ಅಗತ್ಯವೇ ಬೀಳದು.